ಹೆಸರು ಹಿಡಿದು ಕೂಗುವ ಕೆಲಸ

ನಾನು ಕೆಲಸಕ್ಕಿದ್ದ ಫ್ಯಾಕ್ಟರಿಯಲ್ಲಿ ಒಂದು ಕಾನೂನಿತ್ತು. ಮಾಲು ಕೆಟ್ಟರೆ, ಮಾಡಿದವನ ಹೆಸರು ಹಿಡಿದು ಕೂಗಬೇಕು. ಹತ್ತಿರ ಹೋಗಿ ಮೆಲ್ಲಗೆ ಹೇಳುವಂತಿಲ್ಲ, ಮಷಿನ್ನಿನ ನಂಬರು ಹೇಳುವಂತಿಲ್ಲ. ಷೆಡ್ಡಿನ ಆ ತುದಿಗೂ ಕೇಳುವ ಹಾಗೆ ಹೆಸರೇ ಕೂಗಬೇಕು. ಕೂಗುವುದು ನನ್ನ ಕೆಲಸ. ಅದೇ ಷೆಡ್ಡಿನ ಕೊನೆಯ ಲೇತಿನ ಮೇಲೆ ನನ್ನ ಗಂಡ ಕೆಲಸ ಮಾಡುತ್ತಿದ್ದರು. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ಪದ್ಧತಿ ನಮ್ಮ ಕಡೆ ಇಲ್ಲ. ಇಲ್ಲೂ ಬರೆಯುವುದಿಲ್ಲ, ಹುಡುಕಬೇಡಿ.

ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾಗಿದ್ದ ಕಾಲ. ತುಮಕೂರಿನ ಶಿರಾ ಗೇಟಿನಿಂದ ಆಚೆ, ರಸ್ತೆಯಿಂದ ಸ್ವಲ್ಪ ಒಳಗೆ ಆ ಷೆಡ್ಡು. ಸಾಲಾಗಿ ಲೋಹ ಕಡೆಯುವ ಲೇತುಗಳು, ಬಾಗಿಲ ಪಕ್ಕದಲ್ಲಿ ತಪಾಸಣೆಯ ಮೇಜು, ಹಿಂದೆ ಪ್ಯಾಕಿಂಗು. ಮಾಡುತ್ತಿದ್ದದ್ದು ಹಿತ್ತಾಳೆ ಬುಶ್ಶು. ಬಳೆಗಿಂತ ಚಿಕ್ಕದು, ಉಂಗುರಕ್ಕಿಂತ ದಪ್ಪ, ನಡುವೆ ನುಣುಪಾದ ತೂತು. ಬೆಂಗಳೂರಿನ ಒಂದು ಕಂಪನಿ ಅವನ್ನು ಕೊಂಡು ತನ್ನ ಮೋಟಾರುಗಳೊಳಗೆ ಹಾಕಿಕೊಳ್ಳುತ್ತಿತ್ತು. ಓನರ್ ಮೊದಲು ಶಿರಾ ಗೇಟಿನಲ್ಲೇ ವೆಲ್ಡಿಂಗ್ ಅಂಗಡಿ ಇಟ್ಟಿದ್ದವರು, ಕೈಯಲ್ಲಿ ಸುಟ್ಟ ಕಲೆಗಳಿದ್ದ ಮನುಷ್ಯ. ಅವರನ್ನು ಎಲ್ಲರೂ ಭಾಯ್ ಎನ್ನುತ್ತಿದ್ದೆವು. ಹೆಸರು ಕೂಗುವ ಕಾನೂನು ಅವರದೇ.

"ನಂಬರ್ ಕೂಗಿದ್ರೆ ಮಷಿನ್‌ಗೆ ನಾಚ್ಕೆ ಆಗ್ತದೇನಮ್ಮ?" ಎಂದು ನಾನು ಕೆಲಸಕ್ಕೆ ಸೇರಿದ ದಿನವೇ ಅವರು ಹೇಳಿದ್ದರು. "ಮನುಷ್ಯನ್ನ ಕೂಗು. ನಾಚ್ಕೆ ಆದ್ರೆ ಕೈ ತಾನಾಗೇ ಹುಷಾರಾಗ್ತದೆ."

ಒಟ್ಟಿನಲ್ಲಿ ಆ ಷೆಡ್ಡಿನಲ್ಲಿ ಕ್ವಾಲಿಟಿ ಎನ್ನುವುದು ನಾಚಿಕೆಯ ಮೇಲೆ ನಿಂತಿತ್ತು. ನಾಚಿಕೆ ಹಂಚುವ ಡ್ಯೂಟಿ ನನ್ನದು.

ನಾನು ಕುಣಿಗಲ್ ತಾಲೂಕು ಕೊತ್ತಗೆರೆಯ ಕಡೆಯವಳು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಗುಬ್ಬಿಯ ಮನೆತನಕ್ಕೆ ಕೊಟ್ಟರು. ಗಂಡ ನನಗಿಂತ ಬಹಳ ದೊಡ್ಡವರು. ಗುಬ್ಬಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಲೇತ್ ಕಲಿತು, ಆಮೇಲೆ ತುಮಕೂರಿಗೆ ಬಂದು ಭಾಯ್ ಹತ್ತಿರ ಸೇರಿದ್ದರು. ಮದುವೆಯಾಗಿ ಗುಬ್ಬಿಗೆ ಹೋದ ದಿನ ಹೊಸಲಿನಲ್ಲಿ ನಿಲ್ಲಿಸಿ, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ನಾದಿನಿಯರು ಅಡ್ಡಗಟ್ಟಿದ್ದರು. ನಾನು ಒಗಟು ಕಲಿತುಕೊಂಡು ಹೋಗಿದ್ದೆ. ಒಗಟಿನ ಕೊನೆಯಲ್ಲಿ ಹೆಸರು ಬರುತ್ತದೆ. ಆ ಹೆಸರು ಬರುವ ಹೊತ್ತಿಗೆ ನನ್ನ ದನಿ ಎಷ್ಟು ಇಳಿದಿತ್ತು ಎಂದರೆ ಪಕ್ಕದಲ್ಲಿ ನಿಂತಿದ್ದವರಿಗೇ ಕೇಳಿಸಲಿಲ್ಲವಂತೆ. ಸಾಕು ಬಿಡ್ರೇ ಎಂದು ಯಾರೋ ಹಿರಿಯರು ಒಳಗೆ ಕರೆದುಕೊಂಡರು. ಅಲ್ಲಿಗೆ ಆ ಹೆಸರಿನ ಕತೆ ಮುಗಿಯಿತು ಎಂದುಕೊಂಡಿದ್ದೆ. ಆಮೇಲೆ 'ರೀ' ಎಂದರೆ ಅವರು, 'ಏನೇ' ಎಂದರೆ ನಾನು. ಸಂಸಾರಕ್ಕೆ ಇದಕ್ಕಿಂತ ಹೆಚ್ಚಿನ ಹೆಸರು ಬೇಕಾಗುವುದಿಲ್ಲ.

ಮಕ್ಕಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಅವರೇ ಭಾಯ್ ಹತ್ತಿರ ಮಾತಾಡಿ ನನ್ನನ್ನು ತಪಾಸಣೆಗೆ ಸೇರಿಸಿದರು. ಗುಬ್ಬಿಯ ಅತ್ತೆಗೆ ಇದು ಮರ್ಯಾದೆಯ ಪ್ರಶ್ನೆ. ಸೊಸೆ ಗಂಡಸರ ನಡುವೆ ಕೋಟು ಹಾಕಿಕೊಂಡು ನಿಲ್ಲುತ್ತಾಳೆ ಎಂದು ಹೇಗೆ ಹೇಳಿಯಾರು? ತುಮಕೂರಿನಲ್ಲಿ ಹೊಲಿಗೆ ಕಲಿಯುತ್ತಿದ್ದಾಳೆ ಎಂದು ಬೀದಿಗೆಲ್ಲ ಸಾರಿದ್ದರು. ಒಂದು ಸಲ ಹೋದಾಗ ಪಕ್ಕದ ಮನೆಯವರು ರವಿಕೆ ಬಟ್ಟೆ ತಂದು ನನ್ನ ಕೈಗೇ ಇಟ್ಟರು. ಅತ್ತೆ ನನ್ನ ಕಡೆ ನೋಡಲೇ ಇಲ್ಲ. ನಾನು ಬಟ್ಟೆ ಇಸಿದುಕೊಂಡು ಬಂದು, ತುಮಕೂರಿನ ಟೈಲರ್ ಹತ್ತಿರ ಹೊಲಿಸಿ ಕಳಿಸಿದೆ. ತೋಳು ಬಿಗಿಯಾಯಿತು ಎಂಬ ದೂರು ಮಾತ್ರ ನನಗೇ ಬಂತು.

ಕೆಲಸ ಹೀಗಿತ್ತು. ಮಷಿನ್ನುಗಳು ಓಡುತ್ತಿರುವಾಗಲೇ ಸುತ್ತಬೇಕು. ಒಬ್ಬೊಬ್ಬರ ಟ್ರೇಯಿಂದ ಕೆಲವು ಬುಶ್ಶು ಎತ್ತಿ ಮೇಜಿಗೆ ತಂದು ಗೇಜ್ ಹಾಕಿ ನೋಡಬೇಕು. ಗೇಜ್ ಎಂದರೆ ಎರಡು ತುದಿಯ ಉಕ್ಕಿನ ಗುಂಡುಕಡ್ಡಿ. ಒಂದು ತುದಿ ತೂತಿನೊಳಗೆ ಸಲೀಸಾಗಿ ಹೋಗಬೇಕು, ಇನ್ನೊಂದು ತುದಿ ಹೋಗಕೂಡದು. ಹೋಗಬೇಕಾದ್ದು ಹೋಗದಿದ್ದರೆ ತೂತು ಚಿಕ್ಕದು, ಇನ್ನಷ್ಟು ಕೊರೆದು ಸರಿ ಮಾಡಬಹುದು. ಹೋಗಬಾರದ್ದು ಹೋದರೆ ತೂತು ದೊಡ್ಡದಾಗಿದೆ ಎಂದರ್ಥ, ಅದು ನೇರ ಗುಜರಿಗೆ. ಅದಕ್ಕೆ ಕೆಂಪು ಬಣ್ಣ ಹಚ್ಚಿ ಹೆಸರು ಕೂಗಿದರೆ, ಮಾಡಿದವನು ಮಷಿನ್ ನಿಲ್ಲಿಸಿ ಮೇಜಿನ ಹತ್ತಿರ ಬಂದು, ಎಲ್ಲರ ಮುಂದೆ ತಾನೇ ಗೇಜ್ ಹಾಕಿ ನೋಡಿ, ಒಪ್ಪಿಕೊಂಡು ಹೋಗಬೇಕು. ಅವನು ನಡೆದು ಬರುವಾಗ ಉಳಿದವರು ಸ್ಪ್ಯಾನರಿನಿಂದ ತಮ್ಮ ತಮ್ಮ ಲೇತಿಗೆ ಒಂದೊಂದು ಏಟು ಹಾಕುತ್ತಿದ್ದರು. ಟಣ್ ಎಂದು ಷೆಡ್ಡಿನ ತುಂಬ ಸದ್ದು. ಈ ಪದ್ಧತಿ ಭಾಯ್ ಹೇಳಿಕೊಟ್ಟದ್ದಲ್ಲ, ಅವರವರೇ ಮಾಡಿಕೊಂಡದ್ದು.

ಮೊದಮೊದಲು ಯಾರ ಹೆಸರು ಕೂಗಲೂ ನನಗೆ ಬಾಯಿ ಬರುತ್ತಿರಲಿಲ್ಲ. ಅಪ್ಪನ ವಯಸ್ಸಿನವರನ್ನು ಹೆಸರು ಹಿಡಿದು ಕರೆಯುವುದೆಂದರೆ ನಾಲಿಗೆ ಮೇಲೆ ಕೆಂಡ ಇಟ್ಟ ಹಾಗೆ. ನನ್ನ ಜೊತೆ ತಪಾಸಣೆಗಿದ್ದವಳು ಗೂಳೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ, ಹೊಸದಾಗಿ ಮದುವೆಯಾದ ಹುಡುಗಿ, ನನಗಿಂತ ಚಿಕ್ಕವಳು, ಗಂಟಲು ಮಾತ್ರ ಸಂತೆಗೆ ಸರಿ. ಅವಳೇ ದಾರಿ ತೋರಿಸಿದಳು. "ಎಲ್ಲಾರ್ಗೂ ಅಣ್ಣ ಸೇರ್ಸಕ್ಕ, ಬಾಯಿಗೆ ಭಾರ ಆಗಕಿಲ್ಲ" ಎಂದಳು. ಅಣ್ಣ ಸೇರಿಸಿ ಕೂಗುವುದು ರೂಢಿಯಾಯಿತು. ಹಿರಿಯರು ನಗುತ್ತಾ ಬಂದು ಕೆಟ್ಟ ಮಾಲು ನೋಡಿ ಹೋಗುತ್ತಿದ್ದರು. ಹುಡುಗರು ನನ್ನನ್ನು ಅತ್ತಿಗೆ ಎನ್ನುತ್ತಿದ್ದರು, ದೊಡ್ಡವರು ಮೇಡಂ ಎನ್ನುತ್ತಿದ್ದರು. ಆ ಮೇಡಂನಲ್ಲಿ ಅರ್ಧ ಮರ್ಯಾದೆ, ಅರ್ಧ ಕೀಟಲೆ.

ನಮ್ಮ ಮನೆಯವರ ಮಾಲು ಕೆಡುತ್ತಲೇ ಇರಲಿಲ್ಲ. ಇದು ಹೆಂಡತಿಯ ಜಂಬವಲ್ಲ, ಗೇಜೇ ಹೇಳುತ್ತಿತ್ತು. ಕೈ ಅಷ್ಟು ಚೆನ್ನಾಗಿತ್ತು. ಹೊಸಬರನ್ನು ಭಾಯ್ ಅವರ ಲೇತಿನ ಪಕ್ಕ ನಿಲ್ಲಿಸಿ, ನೋಡಿ ಕಲಿಯಿರಿ ಎನ್ನುತ್ತಿದ್ದರು. ಷೆಡ್ಡಿನಲ್ಲಿ ಅವರು ನಡೆಯುವ ರೀತಿಯೇ ಬೇರೆ. ಮನೆಯಲ್ಲಿ ಒಂದು ಲೋಟ ತೊಳೆಯದ ಮನುಷ್ಯ, ಲೇತನ್ನು ಮಾತ್ರ ದಿನಾ ಸಂಜೆ ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಒರೆಸಿ ಬರುತ್ತಿದ್ದರು. ಹೀಗಾಗಿ ಅವರ ಹೆಸರು ಕೂಗುವ ಗಂಡಾಂತರ ನನಗೆ ಬರುವುದಿಲ್ಲ ಎಂದು ನಾನು ನಿಶ್ಚಿಂತೆಯಿಂದಿದ್ದೆ.

ಬಂತು. ಒಂದು ಬೆಳಗ್ಗೆ ಅವರ ಟ್ರೇಯಿಂದ ಎತ್ತಿ ತಂದ ಬುಶ್ಶಿನೊಳಗೆ ಹೋಗಬಾರದ ತುದಿ ಜಾರಿಕೊಂಡು ಹೋಯಿತು. ಇನ್ನೊಂದು ನೋಡಿದೆ, ಅದೂ ಹಾಗೆಯೇ. ಗೂಳೂರಿನವಳು ಅವತ್ತು ಪ್ಯಾಕಿಂಗಿನ ಕಡೆ ಹೋಗಿದ್ದಳು. ಕೆಂಪು ಹಚ್ಚಿದೆ. ಬಾಯಿ ತೆರೆದೆ. ಅಣ್ಣ ಸೇರಿಸುವ ಹಾಗಿಲ್ಲ, ಅದೊಂದು ಅನರ್ಥ. ಬರೀ ಹೆಸರು ಹೇಳುವ ಹಾಗಿಲ್ಲ. ಮನೆಯ ಅಭ್ಯಾಸ ಬಾಯಿಗೆ ಬಂದುಬಿಟ್ಟಿತು.

"ರೀ" ಎಂದು ಕೂಗಿದೆ.

ಲೇತುಗಳ ಸದ್ದಿನ ಮೇಲೆ ಕೇಳಲಿ ಎಂದು ಗಟ್ಟಿಯಾಗೇ ಕೂಗಿದ್ದೆ. ಅಡುಗೆಮನೆಯಿಂದ ಹಿತ್ತಲಿಗೆ ಕೂಗುವ ಅದೇ ರಾಗದಲ್ಲಿ. ಷೆಡ್ಡೆಲ್ಲ ಗೊಳ್ಳೆಂದಿತು. ಸ್ಪ್ಯಾನರುಗಳು ಬಡಿದದ್ದೇ ಬಡಿದದ್ದು. ಅವರು ಬಂದರು, ಗೇಜ್ ಹಾಕಿ ನೋಡಿದರು, ನನ್ನ ಮುಖ ನೋಡದೆ ಹೋದರು. ಅವತ್ತಿನಿಂದ ಅವರಿಗೆ ಷೆಡ್ಡಿನಲ್ಲಿ 'ರೀ' ಎನ್ನುವ ಅಡ್ಡಹೆಸರು ಬಿತ್ತು. ರೀ ಬಂದ್ರು, ರೀ ಊಟಕ್ಕೋದ್ರು, ರೀ ಬೀಡಿ ಇದ್ರೆ ಕೊಡಿ. ಅವರ ಕೈಕೆಳಗೆ ಕಲಿತ ಹುಡುಗರೂ ಶುರು ಮಾಡಿದರು. ರಾತ್ರಿ ತಟ್ಟೆಯ ಮುಂದೆ ಕೂತವರು ಮುದ್ದೆ ಮುರಿಯದೆ ಎದ್ದುಹೋದರು. ನನಗೆ ನೆಲಕ್ಕಿಳಿದು ಹೋಗುವಷ್ಟು ನಾಚಿಕೆಯಾಯಿತು. ಜೊತೆಗೆ ಸಿಟ್ಟೂ ಬಂತು. ನಾನೇನು ಬುಶ್ಶು ಕೆಡಿಸಿದೆನೇ?

ಗೂಳೂರಿನವಳಿಗೆ ಹೇಳಿಕೊಂಡೆ. "ಅದಕ್ಯಾಕಕ್ಕ ಅಳ್ತೀಯಾ, ಅಣ್ಣಾರ್ದು ಬಂದ್ರೆ ನಾ ಕೂಗ್ತೀನಿ ಬುಡು" ಎಂದಳು. ಸ್ವಲ್ಪ ಕಾಲ ಹಾಗೇ ನಡೆಯಿತು. ಅವರ ಮಾಲು ಕೆಟ್ಟರೆ ನಾನು ಕೆಂಪು ಹಚ್ಚಿ ಅವಳ ಕಡೆ ಸರಿಸುತ್ತಿದ್ದೆ, ಅವಳು ಕೂಗುತ್ತಿದ್ದಳು. ಆದರೆ ಸರಿಸುವ ಸರದಿ ಹೆಚ್ಚುತ್ತಾ ಹೋಯಿತು. ಎಂದೋ ಒಮ್ಮೆ ಬರುತ್ತಿದ್ದದ್ದು ವಾರಕ್ಕೊಮ್ಮೆಯಾಯಿತು, ಆಮೇಲೆ ಮೇಲಿಂದ ಮೇಲೆ. ಅಷ್ಟರಲ್ಲಿ ಅವಳು ಬಾಣಂತನಕ್ಕೆ ತವರಿಗೆ ಹೊರಟಳು. ಮೇಜಿನ ಹತ್ತಿರ ನಾನೊಬ್ಬಳೇ ಉಳಿದೆ.

ಆಗ ನಾನೊಂದು ಉಪಾಯ ಹುಡುಕಿದೆ. ಕೂಗುವುದು ಬೇಡ, ಮಾಲನ್ನು ನಾನೇ ತೆಗೆದುಕೊಂಡು ಅವರ ಹತ್ತಿರ ಹೋಗಿ ತೋರಿಸುವುದು. ಭಾಯ್ ಇಲ್ಲದ ಹೊತ್ತು ನೋಡಿ ಹಾಗೇ ಮಾಡತೊಡಗಿದೆ. ಗಂಡನಿಗೆ ಮರ್ಯಾದೆ ಉಳಿಸುತ್ತಿದ್ದೇನೆ ಎಂದೇ ನಾನು ತಿಳಿದದ್ದು. ಎಂಥ ಮರ್ಯಾದೆ! ಕೂಗಿದರೆ ಅದು ಕೂಗಿದಷ್ಟೇ ಹೊತ್ತು, ಒಂದು ಟಣ್ ಆಗಿ ಮುಗಿಯುತ್ತದೆ. ನಾನು ಕೆಂಪು ಹಚ್ಚಿದ ಬುಶ್ಶನ್ನು ಅಂಗೈಯಲ್ಲಿಟ್ಟುಕೊಂಡು ಮೇಜಿನಿಂದ ಎದ್ದರೆ ಮೊದಲ ಲೇತಿನವನು ತಲೆ ಎತ್ತುತ್ತಿದ್ದ, ನನಗಲ್ಲ ಎಂದು ಗೊತ್ತಾಗಿ ಮುಂದಿನವನಿಗೆ ಕಣ್ಣು ಮಾಡುತ್ತಿದ್ದ. ಹಾಗೆ ಒಬ್ಬೊಬ್ಬರನ್ನೂ ದಾಟಿ ಷೆಡ್ಡಿನ ಉದ್ದಕ್ಕೂ ನಡೆದು ಕೊನೆಯ ಲೇತಿನ ಹತ್ತಿರ ಹೋಗುವಷ್ಟರಲ್ಲಿ ಎಲ್ಲರೂ ಕೈ ಬಿಟ್ಟು ನೋಡುತ್ತಿರುತ್ತಿದ್ದರು. ನನ್ನ ಗಂಡನಿಗೆ ಬೆನ್ನಿನಲ್ಲೇ ಗೊತ್ತಾಗುತ್ತಿತ್ತು. ನಾನು ಹತ್ತಿರ ಹೋಗುವ ಮುಂಚೆಯೇ ಅವರ ಕಿವಿ ಕೆಂಪಾಗಿರುತ್ತಿತ್ತು.

ಒಂದು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಂದರು. "ನೀನು ಹಂಗೆ ನಡ್ಕೊಂಡ್ ಬರ್ಬೇಡ. ಹೆಣ ಹೊತ್ಕೊಂಡ್ ಬಂದಂಗಿರ್ತದೆ."

"ಮತ್ತೇನ್ ಮಾಡ್ಲಿ?"

"ಎಲ್ಲಾರ್ದೂ ಕೂಗಂಗೆ ನಂದೂ ಕೂಗ್ಬುಡು."

"ಹೆಸ್ರಾ?"

"ಹೂಂ. ಹೆಸ್ರು ಇಟ್ಟಿರೋದೇ ಕೂಗಕ್ಕೆ. ಇಲ್ಲೇ ಒಂದ್ಸಲ ಹೇಳಿ ನೋಡು, ಅಭ್ಯಾಸ ಆಯ್ತದೆ."

ಮಕ್ಕಳು ಹೊರಗೆ ಆಡುತ್ತಿದ್ದರು. ಒಲೆಯ ಮುಂದೆ ನಾನು, ಗೋಡೆಗೆ ಒರಗಿ ಅವರು. ಪಾಠ ಒಪ್ಪಿಸುವ ಹುಡುಗಿಯ ಹಾಗೆ ಬಾಯಿ ತೆರೆದೆ. ಮೊದಲ ಅಕ್ಷರ ಬಂತು, ಮುಂದಿನದು ಬರಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಅವರು ನಗಲಿಲ್ಲ. "ಊರೋರ್ ಹೆಸ್ರೆಲ್ಲಾ ಬತ್ತದೆ, ನಂದು ಬರಲ್ಲ" ಎಂದು ಎದ್ದು ಹೋದರು. ನನಗೆ ನಗು ನಿಂತುಹೋಯಿತು.

ನಿಜವಾಗಿ ಕೇಳಬೇಕಾಗಿದ್ದ ಪ್ರಶ್ನೆ ಹೆಸರಿನದಲ್ಲ. ಇಷ್ಟು ಒಳ್ಳೆಯ ಕೈಯ ಮನುಷ್ಯನ ಮಾಲು ಯಾಕೆ ಕೆಡುತ್ತಿದೆ ಎಂಬುದು. ನನಗೆ ಉತ್ತರ ಗೊತ್ತಾಗಿತ್ತು. ಲೇತಿನ ಹಿಡಿಯ ಸುತ್ತ ಕೂದಲೆಳೆಯಂಥ ಗೆರೆಗಳಿರುತ್ತವೆ. ಎಷ್ಟು ಕೊರೆಯಬೇಕು ಎಂಬುದನ್ನು ಆ ಗೆರೆ ನೋಡಿ ತಿರುಗಿಸಬೇಕು. ಅವರು ಈಗೀಗ ಬಗ್ಗಿ ನೋಡುವ ಬದಲು ಹಿಂದಕ್ಕೆ ಸರಿದು, ಕತ್ತು ಹಿಂದೆ ಮಾಡಿ ನೋಡುತ್ತಿದ್ದರು. ಮನೆಯಲ್ಲಿ ಪೇಪರನ್ನು ಕೈ ಚಾಚಿದಷ್ಟು ದೂರ ಹಿಡಿಯುತ್ತಿದ್ದರು. ಮಗಳ ಕಾಲಿಗೆ ಮುಳ್ಳು ಚುಚ್ಚಿದಾಗ ಪಿನ್ನು ಹಿಡಿದುಕೊಂಡು, ನೀನೇ ತೆಗಿ ಎಂದು ನನಗೆ ಕೊಟ್ಟಿದ್ದರು. ಚಾಳೀಸು ಬಂದಿತ್ತು. ನಲವತ್ತು ದಾಟಿದರೆ ಎಲ್ಲರಿಗೂ ಬರುವಂಥದ್ದು, ಕನ್ನಡಕ ಹಾಕಿಕೊಂಡರೆ ಆಯಿತು.

ಅವರಿಗೆ ಹಾಗಲ್ಲ. ಗುಬ್ಬಿಯ ವರ್ಕ್‌ಶಾಪಿನಲ್ಲಿ ಇವರಿಗೆ ಲೇತ್ ಕಲಿಸಿದ ಗುರು ಕನ್ನಡಕ ಹಾಕಿದ ಮೇಲೆ ಆ ಗುರುವನ್ನೇ ಮಷಿನ್ನಿನಿಂದ ಇಳಿಸಿ, ಲೋಹದ ಸಿಪ್ಪೆ ಗುಡಿಸಲು ಹಾಕಿದ್ದರಂತೆ. ಅದನ್ನು ಇವರು ಕಣ್ಣಾರೆ ಕಂಡಿದ್ದರು. ನಮ್ಮ ಷೆಡ್ಡಿನಲ್ಲೂ ಲೇತಿನ ಮುಂದೆ ಕನ್ನಡಕದವರು ಒಬ್ಬರೂ ಇರಲಿಲ್ಲ, ಪ್ಯಾಕಿಂಗಿನಲ್ಲಿ ಇದ್ದರು. ಕನ್ನಡಕ ಎಂದರೆ ಲೇತ್ ಹೋಯಿತು ಎಂದೇ ಅವರ ಲೆಕ್ಕ.

ನಾನು ಒಂದು ದಿನ ಧೈರ್ಯ ಮಾಡಿ, "ಒಂದ್ಸಲ ಕಣ್ ತೋರ್ಸ್ಬಾರ್ದಾ?" ಎಂದೆ.

"ಕಣ್ಣಿಗೇನಾಗದೆ? ನಿನ್ ಗೇಜ್ ಸವ್ದೋಗದೆ, ಅದುನ್ನ ತೋರ್ಸು."

"ಗೇಜ್ ಸವೆದಿದ್ರೆ ಎಲ್ಲಾರ್ ಮಾಲೂ ಕೆಡ್ಬೇಕಿತ್ತು."

ಹೀಗೆ ಅಂದದ್ದೇ ತಪ್ಪಾಯಿತು. ಎಷ್ಟೋ ದಿನ ಮಾತು ಬಿಟ್ಟರು. ಒಟ್ಟಿಗೇ ಕೆಲಸಕ್ಕೆ ಹೋಗುತ್ತಿದ್ದೆವು, ಅವರು ಮುಂದೆ, ನಾನು ಹಿಂದೆ. ಷೆಡ್ಡಿನಲ್ಲಿ ನಾನು ಕೆಂಪು ಹಚ್ಚಿಕೊಂಡು ನಡೆಯುತ್ತಿದ್ದೆ. ಮನೆಯಲ್ಲಿ ಅವರಿಗೆ ಬಡಿಸುತ್ತಿದ್ದೆ. ಭಾಯ್ ಏನೂ ಅನ್ನುತ್ತಿರಲಿಲ್ಲ. ಆದರೆ ಹೊಸಬರನ್ನು ಅವರ ಲೇತಿನ ಪಕ್ಕ ನಿಲ್ಲಿಸುವುದನ್ನು ಬಿಟ್ಟಿದ್ದರು. ಅದು ಅವರಿಗೂ ಗೊತ್ತಾಗಿತ್ತು, ನನಗೂ.

ಆ ಹೊತ್ತಿಗೆ ಬೆಂಗಳೂರಿನ ಕಂಪನಿಯಿಂದ ಬುಶ್ಶು ಸಡಿಲವಾಗಿ ಬರುತ್ತಿದೆ ಎಂಬ ದೂರು ಬಂತು. ಹಿಂದೆಯೇ ಅವರ ಕಡೆಯ ಇನ್‌ಸ್ಪೆಕ್ಟರ್ ಒಬ್ಬರು ಬಂದರು. ತಯಾರಾದ ಮಾಲನ್ನು ನೋಡುವುದಿಲ್ಲ, ತಯಾರಾಗುತ್ತಿರುವಾಗಲೇ ನೋಡಬೇಕು ಎಂದರು. ನರೆತ ತಲೆ, ಮೆದು ಮಾತಿನ ಮನುಷ್ಯ. ಭಾಯ್ ಇಸ್ತ್ರಿ ಅಂಗಿ ಹಾಕಿಕೊಂಡು ಅವರ ಹಿಂದೆ ಹಿಂದೆಯೇ ಸುತ್ತುತ್ತಿದ್ದರು. ಆ ಆರ್ಡರ್ ಕೈಬಿಟ್ಟರೆ ಷೆಡ್ಡಿಗೆ ಬೀಗವೇ. ಇನ್‌ಸ್ಪೆಕ್ಟರ್ ಟ್ರೇಗಳಿಂದ ತಾವೇ ಬುಶ್ಶು ಆರಿಸಿ ನನ್ನ ಮೇಜಿನ ಮೇಲೆ ಇಡುತ್ತಾ ಬಂದರು. ಯಾವುದು ಯಾರದು ಎಂದು ಟ್ರೇಯ ಚೀಟಿಯಲ್ಲೇ ಇರುತ್ತಿತ್ತು. ನಾನು ಗೇಜ್ ಹಾಕುತ್ತಾ ಹೋದೆ. ಕೊನೆಯ ಟ್ರೇಯ ಮೊದಲ ಬುಶ್ಶಿನೊಳಗೆ ಹೋಗಬಾರದ ತುದಿ ಹೋಯಿತು.

"ಕೆಟ್ಟ ಮಾಲು ಸಿಕ್ಕಿದಾಗ ನೀವೇನು ಮಾಡ್ತೀರಿ?" ಎಂದು ಅವರು ಕೇಳಿದರು.

ಭಾಯ್‌ಗೆ ಇದು ಹೆಮ್ಮೆಯ ವಿಷಯ. "ನಮ್ಮಲ್ಲಿ ಹೆಸರು ಹಿಡ್ದು ಕರೀತಾರೆ ಸಾರ್. ಆಪರೇಟ್ರು ಬಂದು ತಾನೇ ನೋಡಿ ಒಪ್ಕೋಬೇಕು" ಎಂದರು. ಆಮೇಲೆ ಬುಶ್ಶು ಯಾರದು ಎಂದು ಕಂಡು, ಅವರ ಮುಖ ಇಳಿಯಿತು. ಮಾತು ಆಡಿಯಾಗಿತ್ತು. "ಕೂಗಮ್ಮ" ಎಂದರು.

ನಾನು ನಿಂತೇ ಇದ್ದೆ. ಬುಶ್ಶು ಹಿಡಿದು ನಡೆದು ಹೋಗುವ ಹಾಗಿರಲಿಲ್ಲ, ಇಬ್ಬರೂ ಎದುರಿಗೇ ಇದ್ದರು. 'ರೀ' ಎನ್ನುವ ಹಾಗಂತೂ ಇರಲಿಲ್ಲ. ಇನ್‌ಸ್ಪೆಕ್ಟರ್ ನನ್ನನ್ನು ನೋಡಿದರು, ಚೀಟಿ ನೋಡಿದರು. ಯಾರನ್ನೋ ಬಚ್ಚಿಡುತ್ತಿದ್ದಾಳೆ ಎಂಬ ಸಂಶಯ ಅವರ ಕಣ್ಣಿನಲ್ಲಿ ಹುಟ್ಟಿದ್ದು ನನಗೆ ಕಾಣಿಸಿತು. ಅದನ್ನು ಕಂಡು ನನಗೆ ಸಿಟ್ಟು ಬಂತು. ನಾನು ಒಂದು ಬುಶ್ಶನ್ನೂ ಬಚ್ಚಿಟ್ಟವಳಲ್ಲ. ಆ ಸಿಟ್ಟಿನಲ್ಲೇ ಬಾಯಿ ತೆರೆದು ನನ್ನ ಗಂಡನ ಹೆಸರು ಕೂಗಿದೆ.

'ಅಣ್ಣ' ಇಲ್ಲ, 'ಅವರೇ' ಇಲ್ಲ, ಬರೀ ಹೆಸರು. ಹೊಲದಲ್ಲಿ ಆಳನ್ನು ಕರೆದ ಹಾಗೆ ಬಂತು. ಒಂದು ಸ್ಪ್ಯಾನರೂ ಬಡಿಯಲಿಲ್ಲ.

ಅವರು ತಲೆ ಎತ್ತಿದರು. ಭಾಯ್ ಕಡೆ ನೋಡಿದರು. ಪಕ್ಕದ ಲೇತಿನವನ ಕಡೆ ನೋಡಿದರು. ಪ್ಯಾಕಿಂಗಿನ ಹೆಂಗಸರ ಕಡೆಯೂ ತಿರುಗಿ ನೋಡಿದರು. ನನ್ನ ಮೇಲೆ ಅವರ ಕಣ್ಣು ಒಂದು ಸಲ ಹಾದು ಹೋಯಿತು, ನಿಲ್ಲಲಿಲ್ಲ. ಯಾರು ಕರೆದರು ಎಂದು ಹುಡುಕುತ್ತಿದ್ದರು. ಮಕ್ಕಳಿನ್ನೂ ಚಿಕ್ಕವರಾದರೂ ಹಳೆಯ ಸಂಸಾರ ನಮ್ಮದು. ನನ್ನ ಕೆಮ್ಮು, ನನ್ನ ಬಳೆಯ ಸದ್ದು, ನನ್ನ ಕಾಲ ಸಪ್ಪಳ ಎಲ್ಲ ಗೊತ್ತಿದ್ದ ಮನುಷ್ಯನಿಗೆ ನನ್ನ ದನಿಯಲ್ಲಿ ತನ್ನ ಹೆಸರು ಮಾತ್ರ ಗುರುತು ಸಿಗಲಿಲ್ಲ. ಯಾವತ್ತೂ ಕೇಳಿಯೇ ಇರಲಿಲ್ಲವಲ್ಲ.

ಎರಡನೇ ಸಲ ಕೂಗಬೇಕಾಯಿತು. ಈ ಸಲ ನನ್ನನ್ನೇ ನೋಡಿದರು. ಮಷಿನ್ ನಿಲ್ಲಿಸಿ ನಡೆದು ಬಂದು, "ಹೇಳಿ ಮೇಡಂ" ಎಂದರು. ಅದರಲ್ಲಿ ಕೀಟಲೆ ಇರಲಿಲ್ಲ. ಕೀಟಲೆ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಗೇಜ್ ಹಾಕಿ ನೋಡಿದರು, ಒಪ್ಪಿಕೊಂಡರು. ಇನ್‌ಸ್ಪೆಕ್ಟರ್ ಅಷ್ಟಕ್ಕೇ ಬಿಡಲಿಲ್ಲ. ಸಣ್ಣ ಗೆರೆಗಳ ಅಳತೆಗೋಲು, ವರ್ನಿಯರ್ ಕೊಟ್ಟು, "ಎಷ್ಟು ಜಾಸ್ತಿ ಹೋಗಿದೆ, ನೀವೇ ಅಳೆದು ಹೇಳಿ" ಎಂದರು. ಇವರು ಅದನ್ನು ಬುಶ್ಶಿಗೆ ಹಾಕಿ ಬಾಗಿಲ ಬೆಳಕಿಗೆ ಹಿಡಿದರು. ಕೈ ಚಾಚಿದರು. ಇನ್ನೂ ಚಾಚಿದರು. ಕೈಯ ಉದ್ದ ಮುಗಿದುಹೋಯಿತು, ಗೆರೆ ಕಾಣಿಸಲಿಲ್ಲ. ಒಂದು ಅಂಕಿ ಹೇಳಿದರು. ತಪ್ಪು ಎಂದು ನನಗೆ ಗೊತ್ತು, ಕೇಳಿದವರಿಗೂ ಗೊತ್ತು. ಭಾಯ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಷೆಡ್ಡಿನ ಅಷ್ಟೂ ಜನ ನೋಡುತ್ತಿದ್ದಾರೆ. ನನ್ನ ಗಂಡನನ್ನು ನಾನೇ ಕರೆದು ಅಲ್ಲಿ ನಿಲ್ಲಿಸಿದ್ದೇನೆ. ಅಂಥ ನಾಚಿಕೆ ನನಗೆ ಹಿಂದೆ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ.

"ಇನ್ನೊಂದು ಸಲ ನೋಡಿ" ಎಂದರು ಇನ್‌ಸ್ಪೆಕ್ಟರ್.

ಇವರು ನೋಡಲಿಲ್ಲ. ವರ್ನಿಯರ್ ಮೇಜಿನ ಮೇಲಿಟ್ಟು, "ಕಾಣ್ಸಲ್ಲ ಸಾರ್" ಎಂದರು.

ಇನ್‌ಸ್ಪೆಕ್ಟರ್ ತಮ್ಮ ಜೇಬಿನಿಂದ ಚಾಳೀಸಿನ ಕನ್ನಡಕ ತೆಗೆದು ಮುಂದೆ ಹಿಡಿದರು. ಇವರು ತೆಗೆದುಕೊಳ್ಳಲು ತಡ ಮಾಡಿದರು. ಕೈಯ ಎಣ್ಣೆಯನ್ನು ಅಂಗಿಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಕೊನೆಗೆ ಹಾಕಿಕೊಂಡು ವರ್ನಿಯರ್ ಎತ್ತಿ, ಈ ಸಲ ಮುಖದ ಹತ್ತಿರ ಹಿಡಿದು ಸರಿಯಾದ ಅಂಕಿ ಹೇಳಿದರು. ಕೊನೆಯ ಗೆರೆಯವರೆಗೂ ಸರಿ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕನ್ನಡಕ ಕಣ್ಣ ಮೇಲಿತ್ತಲ್ಲ, ಅವರ ದೃಷ್ಟಿ ಟ್ರೇಗೆ ಬಿತ್ತು. ಒಂದು ಬುಶ್ಶು ಎತ್ತಿ ಒಳಗೆ ನೋಡಿದರು. ತಿರುಗಿಸಿ ನೋಡಿದರು. ಬದಿಗಿಟ್ಟರು. ಇನ್ನೊಂದು ಎತ್ತಿದರು. ಗೇಜಿನಲ್ಲಿ ಪಾಸಾದವೇ ಅವು. ಆದರೆ ಒಳಮೈಯಲ್ಲಿ ಟೂಲು ಎಳೆದ ಗೀರುಗಳಿದ್ದವು. ನನಗೆ ಗೊತ್ತಿತ್ತು, ಅಷ್ಟು ಗೀರಿಗೆ ನಮ್ಮಲ್ಲಿ ಅನುಮತಿ ಇತ್ತು. ಅವರು ಮಾತ್ರ ತಮ್ಮ ಕೆಲಸವನ್ನು ತಾವೇ ಎಷ್ಟೋ ತಿಂಗಳ ಮೇಲೆ ಮೊದಲ ಸಲ ಕಾಣುತ್ತಿದ್ದರು. "ಇದು ನಾ ಮಾಡಿದ್ದಾ?" ಎಂದು ತಮಗೆ ತಾವೇ ಅಂದುಕೊಂಡರು. ಟ್ರೇ ಅರ್ಧದಷ್ಟು ಖಾಲಿಯಾಗುವವರೆಗೆ ಬೇರೆ ಮಾಡುತ್ತಲೇ ಇದ್ದರು. ಭಾಯ್ ಬಂದು ಹೆಗಲ ಮೇಲೆ ಕೈಯಿಟ್ಟು, "ಸಾಕು ಬಿಡಪ್ಪ" ಎಂದಾಗ ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿ ವಾಪಸ್ ಕೊಟ್ಟರು.

ಇನ್‌ಸ್ಪೆಕ್ಟರ್ ಹೊರಡುವಾಗ ಭಾಯ್ ಹತ್ತಿರ, "ಕೈ ಚೆನ್ನಾಗಿದೆ, ಕನ್ನಡಕ ಹಾಕಿಸಿ. ಮಷಿನ್ನಿನಿಂದ ತೆಗೀಬೇಡಿ" ಎಂದದ್ದನ್ನು ನಾನು ಕೇಳಿಸಿಕೊಂಡೆ. ಆರ್ಡರೂ ಉಳಿಯಿತು, ಲೇತೂ ಉಳಿಯಿತು. ನನಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಸಂಜೆಯವರೆಗೂ ಆ ಎರಡನೇ ಸಲದ ಕೂಗು ನನ್ನ ಕಿವಿಯಲ್ಲೇ ಇತ್ತು.

ಕೆಲಸ ಬಿಟ್ಟ ಮೇಲೆ ಎಂದಿನಂತೆ ಅವರು ಮುಂದೆ, ನಾನು ಹಿಂದೆ. ಶಿರಾ ಗೇಟಿನಲ್ಲಿ ಅವರು ನಿಂತರು. ರಸ್ತೆ ಬದಿಯಲ್ಲಿ ಹಲಗೆಗೆ ಕನ್ನಡಕ ಸಿಕ್ಕಿಸಿಕೊಂಡು ಮಾರುವವನೊಬ್ಬ ಕೂತಿರುತ್ತಿದ್ದ. ದಿನಾ ದಾಟಿ ಹೋಗುತ್ತಿದ್ದ ಜಾಗ. ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಹಾಕಿ ನೋಡಿದರು. ಜೇಬಿನ ಬೆಂಕಿಪೊಟ್ಟಣ ತೆಗೆದು, ಅದರ ಮೇಲಿನ ಸಣ್ಣ ಅಕ್ಷರ ಓದಿಕೊಂಡರು. ಒಂದನ್ನು ಆರಿಸಿಕೊಂಡು, ಮೂಗಿನ ಮೇಲೆ ಹಾಗೇ ಇಟ್ಟುಕೊಂಡು ಎದ್ದು ನನ್ನ ಕಡೆ ತಿರುಗಿದರು.

"ಯಾರೋ ಕೂಗ್ದಂಗಾಯ್ತು ಅಂದ್ಕಂಡೆ ಕಣೇ. ನೀನು ಅಂತ ಗೊತ್ತೇ ಆಗ್ಲಿಲ್ಲ."

"ಹೋಗ್ಲಿ ಬುಡ್ರಿ, ಬೈಬೇಡಿ."

"ಬೈಯ್ತಾ ಇಲ್ಲ." ಬಸ್ಸೊಂದು ದಾಟಿ ಹೋದ ಮೇಲೆ ಅಂದರು. "ಚೆನ್ನಾಗಿ ಕೇಳಿಸ್ಕಳ್ಳಕ್ಕಾಗ್ಲಿಲ್ಲ. ಇನ್ನೊಂದ್ಸಲ ಹೇಳು. ಮೆಲ್ಗೆ."

ಅಡುಗೆಮನೆಯಲ್ಲಿ ಕೇಳಿದ್ದು ಫ್ಯಾಕ್ಟರಿಗೋಸ್ಕರ. ಈಗ ಕೇಳಿದ್ದು ತಮಗೋಸ್ಕರ. ಅದು ನನಗೆ ಅರ್ಥವಾಯಿತು. ಹೇಳಬೇಕೆಂದೇ ಇದ್ದೆ. ಅಷ್ಟು ಜನರ ಮುಂದೆ ಎರಡೆರಡು ಸಲ ಕೂಗಿದ ನನಗೆ ಅವರೊಬ್ಬರ ಮುಂದೆ ನಾಲಿಗೆ ಎದ್ದೇಳಲಿಲ್ಲ. ಮುಖವೆಲ್ಲ ಬಿಸಿಯಾಗಿ, ಹೊಸಲಿನ ಹೊರಗೆ ನಿಂತ ಮದುಮಗಳಿಗಿಂತ ಹೆಚ್ಚು ನಾಚಿಕೆಯಾಗಿ, ಅಂಗಡಿಗಳ ಕಡೆ ನೋಡುತ್ತಾ ನಿಂತುಬಿಟ್ಟೆ. ಅವರು ಕಾದರು. ಕನ್ನಡಕದವನು ಚಿಲ್ಲರೆ ಕೊಟ್ಟ.

"ಸರಿ, ನಡಿ" ಎಂದು ಕನ್ನಡಕ ಮಡಚಿ ಜೇಬಿಗಿಟ್ಟುಕೊಂಡು ಮುಂದೆ ನಡೆದರು. ಆಮೇಲೆ ಆ ಲೇತಿನ ಮೇಲೆ ಬಹಳ ವರ್ಷ ಕೆಲಸ ಮಾಡಿದರು, ಹೆಸರು ಕೂಗಿಸಿಕೊಳ್ಳುವಂಥ ಮಾಲು ಮತ್ತೆ ಮಾಡಲಿಲ್ಲ. ನನ್ನ ಬಾಯಲ್ಲಿ ಹೆಸರು ಹೇಳು ಎಂದು ಮತ್ತೆ ಕೇಳಲೂ ಇಲ್ಲ.